ವಿಶ್ವವಿದ್ಯಾಲಯ ಅಂದರೆ ಯಾರು? ಕ್ಯಾಲಿಫೋರ್ನಿಯಾದ ಅಧ್ಯಾಪಕ ಸೆನೆಟ್ ನಡೆದು ಬಂದ ದಾರಿ

1950ರ ಆಗಸ್ಟ್ 25ರಂದು ಸೇರಿದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿ 31 ಮಂದಿ ಅಧ್ಯಾಪಕರನ್ನು ಕೆಲಸದಿಂದ ತೆಗೆಯಿತು. ತೆಗೆಯಬೇಕು ಎಂದವರು 12, ಬೇಡ ಎಂದವರು 10. ಆ 31 ಮಂದಿಯ ಪಾಠದ ಬಗ್ಗೆ ದೂರು ಇರಲಿಲ್ಲ, ಸಂಶೋಧನೆಯ ಬಗ್ಗೆಯೂ ಇರಲಿಲ್ಲ. ಅವರು ಕಮ್ಯುನಿಸ್ಟರು ಎಂಬ ಆರೋಪ ಕೂಡ ಉಳಿದಿರಲಿಲ್ಲ. ಈಗಿರುವುದು ಮಂಡಳಿಯ ಮಾತಿಗೆ ವಿಧೇಯರಾಗುವ ಪ್ರಶ್ನೆ ಮಾತ್ರ ಎಂದು ವಜಾದ ಪರವಾಗಿ ನಿಂತವರೇ ಸಭೆಯಲ್ಲಿ ಒಪ್ಪಿಕೊಂಡರು. ಮಂಡಳಿ ಕೊಟ್ಟ ಒಂದು ಕಾಗದಕ್ಕೆ ಸಹಿ ಹಾಕಲಿಲ್ಲ ಎಂಬುದಷ್ಟೇ ಅವರ ತಪ್ಪು.

ಅವರನ್ನು ಉಳಿಸಿಕೊಳ್ಳಬೇಕು ಎಂದು ಅಧ್ಯಾಪಕರ ಸೆನೆಟ್‌ನ ಸಮಿತಿ ಒಬ್ಬೊಬ್ಬರನ್ನೇ ವಿಚಾರಿಸಿ ಶಿಫಾರಸು ಮಾಡಿತ್ತು. ವಿಶ್ವವಿದ್ಯಾಲಯದ ಅಧ್ಯಕ್ಷರು ಅದರ ಪರವಾಗಿ ಮತ ಹಾಕಿದರು. ರಾಜ್ಯದ ಗವರ್ನರ್ ಅರ್ಲ್ ವಾರನ್ ಕೂಡ ಹಾಕಿದರು. ಆದರೂ ಅವರ ಕೆಲಸ ಉಳಿಯಲಿಲ್ಲ.

ಅಧ್ಯಾಪಕರಿಗೆ ಆಡಳಿತದಲ್ಲಿ ಪಾಲು ಕೊಡುವ ವಿಷಯ ಬಂದರೆ ಅಮೆರಿಕದಲ್ಲಿ ಮೊದಲು ನೆನಪಾಗುವ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಕ್ಯಾಲಿಫೋರ್ನಿಯಾದ್ದು ಒಂದು. ಅಲ್ಲಿಯ ಸೆನೆಟ್‌ಗೆ ಸ್ಥಾಪನೆಯ ಕಾಯ್ದೆಯಲ್ಲೇ ಜಾಗವಿದೆ. ಪಠ್ಯ, ಪದವಿ, ಪ್ರವೇಶದ ಅರ್ಹತೆಗಳು ಅದರ ಕೈಯಲ್ಲಿವೆ. ನೇಮಕ, ಬಡ್ತಿಗಳಲ್ಲಿ ಅದರ ಮಾತನ್ನು ಕೇಳದೆ ಮುಂದೆ ಹೋಗುವಂತಿಲ್ಲ. ಇಷ್ಟೆಲ್ಲ ಇದ್ದ ಸಭೆಗೆ ತನ್ನದೇ 31 ಸದಸ್ಯರನ್ನು ಉಳಿಸಿಕೊಳ್ಳಲು ಆಗಲಿಲ್ಲ. ಹಾಗಾದರೆ ಆ ಪಾಲು ಎಂಥದ್ದು? ಅದನ್ನು ಕೊಟ್ಟವರು ಯಾರು, ಹಿಂದಕ್ಕೆ ಪಡೆಯುವವರು ಯಾರು?

ಒಂದೇ ಹೆಸರು, ಬೇರೆ ಬೇರೆ ಸಭೆ

ಮುಂಬೈ, ಪುಣೆಯಲ್ಲಿರುವವರಿಗೆ ಸೆನೆಟ್ ಎಂದರೆ ಥಟ್ಟನೆ ನೆನಪಾಗುವುದು ಚುನಾವಣೆ. ಮುಂಬೈ ವಿಶ್ವವಿದ್ಯಾಲಯದ ಸೆನೆಟ್‌ನಲ್ಲಿ ನೋಂದಾಯಿತ ಪದವೀಧರರ 10 ಸ್ಥಾನಗಳಿವೆ. ಅವುಗಳಿಗಾಗಿ ರಾಜಕೀಯ ಪಕ್ಷಗಳ ಯುವ ಸಂಘಟನೆಗಳು ಸೆಣಸುತ್ತವೆ. ಪ್ರಾಂಶುಪಾಲರು, ಅಧ್ಯಾಪಕರು, ಸರ್ಕಾರದ ಮತ್ತು ಕುಲಾಧಿಪತಿಯ ನಾಮನಿರ್ದೇಶಿತರು ಎಲ್ಲರೂ ಅದರಲ್ಲಿ ಇರುತ್ತಾರೆ. ಇದರ ಮೂಲ 1857ರಲ್ಲಿದೆ. ಆಗ ಹುಟ್ಟಿದ ಕಲ್ಕತ್ತಾ, ಬಾಂಬೆ, ಮದ್ರಾಸ್ ವಿಶ್ವವಿದ್ಯಾಲಯಗಳು ಪಾಠ ಹೇಳುವ ಸಂಸ್ಥೆಗಳಾಗಿರಲಿಲ್ಲ. ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಳಾಗಿದ್ದವು. ಅವುಗಳ ಸೆನೆಟ್‌ನಲ್ಲಿ ಕೂರುತ್ತಿದ್ದ ಫೆಲೋಗಳಲ್ಲಿ ಅಧಿಕಾರಿಗಳು, ನ್ಯಾಯಾಧೀಶರು, ಊರಿನ ಗಣ್ಯರು ಇದ್ದರು. 1904ರಲ್ಲಿ ಕರ್ಜನ್ ತಂದ ಕಾಯ್ದೆ ನಾಮನಿರ್ದೇಶಿತರ ಕೈಯನ್ನು ಇನ್ನಷ್ಟು ಬಲಪಡಿಸಿತು. ಇಂದಿನ ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಮುಖ್ಯ ಹೆಸರುಗಳು ಸಿಂಡಿಕೇಟ್ ಮತ್ತು ವಿದ್ಯಾವಿಷಯಕ ಪರಿಷತ್ತು.

ಕ್ಯಾಲಿಫೋರ್ನಿಯಾದ ಸೆನೆಟ್ ಇವು ಯಾವುದರ ಹಾಗೂ ಇಲ್ಲ. ಅಲ್ಲಿ ಅದು ಅಧ್ಯಾಪಕರದೇ ಸಭೆ. ಪದವೀಧರರ ಕ್ಷೇತ್ರವಿಲ್ಲ, ಸರ್ಕಾರದ ಪ್ರತಿನಿಧಿಗಳ ಸಾಲಿಲ್ಲ. ಪ್ರೊಫೆಸರ್ ಶ್ರೇಣಿಗೆ ಸೇರಿದ ದಿನವೇ ಸದಸ್ಯತ್ವ ಬರುತ್ತದೆ. ಅದಕ್ಕೆ ಚುನಾವಣೆ ಗೆಲ್ಲಬೇಕಿಲ್ಲ. ಸರ್ಕಾರ ಮತ್ತು ಸಾರ್ವಜನಿಕರ ಪರವಾಗಿ ಇನ್ನೊಂದು ಮಂಡಳಿ ಇದೆ. ಅದರ ಸದಸ್ಯರನ್ನು ರೀಜೆಂಟರು ಎನ್ನುತ್ತಾರೆ. ಆಸ್ತಿ, ಹಣ, ಅಂತಿಮ ಅಧಿಕಾರ ಎಲ್ಲವೂ ಅವರದು. ಈ ಎರಡು ಸಭೆಗಳ ನಡುವೆ ಅಧ್ಯಕ್ಷ, ಅವರ ಕೆಳಗೆ ಒಂದೊಂದು ಕ್ಯಾಂಪಸ್‌ಗೆ ಒಬ್ಬೊಬ್ಬ ಚಾನ್ಸೆಲರ್. ಈ ಮೂರು ಕಡೆಯವರೂ ಸೇರಿ ನಡೆಸುವ ವ್ಯವಸ್ಥೆಯೇ ಅಲ್ಲಿಯ ಸಹ-ಆಡಳಿತ.

ಕಾಯ್ದೆ ಕೊಟ್ಟದ್ದು, ಅಧ್ಯಕ್ಷ ಕೊಡದಿದ್ದದ್ದು

ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ಕಾಯ್ದೆಗೆ 1868ರ ಮಾರ್ಚ್ 23ರಂದು ಸಹಿ ಬಿತ್ತು. ಎಲ್ಲ ಅಧ್ಯಾಪಕರೂ ಸೇರಿ ಅಕಾಡೆಮಿಕ್ ಸೆನೆಟ್ ಎಂಬ ಸಭೆ ಆಗಬೇಕು, ಅದು ನಿಯಮಿತವಾಗಿ ಸೇರಬೇಕು, ವಿಶ್ವವಿದ್ಯಾಲಯದ ಸಾಮಾನ್ಯ ಆಡಳಿತವನ್ನು ನೋಡಿಕೊಳ್ಳಬೇಕು, ಹೇಳಬೇಕಾದ್ದನ್ನು ರೀಜೆಂಟರಿಗೆ ಮನವಿಯಾಗಿ ಸಲ್ಲಿಸಬೇಕು ಎಂದು ಅದರಲ್ಲೇ ಬರೆದಿತ್ತು. ಮರುವರ್ಷ ತರಗತಿಗಳು ಆರಂಭವಾದಾಗ ಇದ್ದವರು 10 ಅಧ್ಯಾಪಕರು, ಸುಮಾರು 40 ವಿದ್ಯಾರ್ಥಿಗಳು. ಒಂದು ಮೇಜಿನ ಸುತ್ತ ಕೂರಬಹುದಾದ ಸೆನೆಟ್ ಅದು. 1879ರ ರಾಜ್ಯ ಸಂವಿಧಾನ ವಿಶ್ವವಿದ್ಯಾಲಯವನ್ನು ಸಾರ್ವಜನಿಕ ನ್ಯಾಸ ಎಂದು ಕರೆದು, ಶಾಸನಸಭೆಯ ದಿನನಿತ್ಯದ ಕೈವಾಡದಿಂದ ಅದನ್ನು ದೂರ ಇಟ್ಟಿತು. ಇದರಿಂದ ರೀಜೆಂಟರ ಅಧಿಕಾರಕ್ಕೆ ಸಂವಿಧಾನದ ಬಲ ಬಂತು. ಸೆನೆಟ್‌ಗೆ ಅಂಥ ಬಲ ಬರಲಿಲ್ಲ. ಮುಂದೆ ನಡೆದದ್ದಕ್ಕೆಲ್ಲ ಈ ಅಂತರ ತಳಹದಿ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ, ಕಾಯ್ದೆಯಲ್ಲಿದ್ದ ಮಾತು ಬಹುಕಾಲ ಆಚರಣೆಗೆ ಬರಲಿಲ್ಲ. 1899ರಲ್ಲಿ ಗ್ರೀಕ್ ವಿದ್ವಾಂಸ ಬೆಂಜಮಿನ್ ಐಡ್ ವೀಲರ್ ಅಧ್ಯಕ್ಷರಾಗಿ ಬಂದರು. ಬರುವ ಮುನ್ನವೇ ಅವರು ರೀಜೆಂಟರಿಗೆ ಷರತ್ತು ಹಾಕಿದ್ದರು: ಅಧ್ಯಾಪಕರಿಗೂ ರೀಜೆಂಟರಿಗೂ ನಡುವೆ ಮಾತು ಸಾಗಬೇಕಾದರೆ ಅದು ತಮ್ಮ ಮೂಲಕ ಮಾತ್ರ ಸಾಗಬೇಕು, ನೇಮಕ, ವಜಾ, ಸಂಬಳದ ಪ್ರಸ್ತಾಪ ತಮ್ಮಿಂದಲೇ ಹೊರಡಬೇಕು. ರೀಜೆಂಟರು ಒಪ್ಪಿದರು. ಕ್ಯಾಂಪಸ್‌ನಲ್ಲಿ ಕುದುರೆಯ ಮೇಲೆ ಓಡಾಡುತ್ತಿದ್ದ ವೀಲರ್ ಸಾಮಾನ್ಯ ಆಡಳಿತಗಾರರಲ್ಲ. ಅವರ 20 ವರ್ಷಗಳಲ್ಲಿ ಬರ್ಕ್ಲಿ ಪ್ರಾಂತೀಯ ಕಾಲೇಜಿನ ಮಟ್ಟದಿಂದ ದೇಶದ ದೊಡ್ಡ ವಿಶ್ವವಿದ್ಯಾಲಯಗಳ ಸಾಲಿಗೆ ಏರಿತು. ಆದರೆ ಆ ಏರಿಕೆಯ ಜೊತೆಗೆ ಬಂದ ಹೊಸ ವಿದ್ವಾಂಸರಿಗೆ ಒಬ್ಬರ ಆಳ್ವಿಕೆ ಹಿಡಿಸಲಿಲ್ಲ. ಸೆನೆಟ್ ಸೇರುತ್ತಿತ್ತು, ಅದರ ಸಮಿತಿಗಳಿಗೆ ಯಾರು ಎನ್ನುವುದನ್ನು ಅಧ್ಯಕ್ಷರೇ ತೀರ್ಮಾನಿಸುತ್ತಿದ್ದರು.

ಮೊದಲ ಮಹಾಯುದ್ಧದ ಹೊತ್ತಿಗೆ ವೀಲರ್ ಅವರ ಜರ್ಮನ್ ಒಲವು ಅವರಿಗೆ ಮುಳುವಾಯಿತು. 1919ರಲ್ಲಿ ಅವರು ನಿವೃತ್ತರಾದರು. ಹೊಸ ಅಧ್ಯಕ್ಷ ಬಂದು ಬೇರೂರುವ ಮೊದಲಿನ ಆ ಸಂದಿಯಲ್ಲಿ ಅಧ್ಯಾಪಕರು ಎದ್ದು ನಿಂತರು. ಸ್ಯಾನ್ ಆಂಡ್ರಿಯಾಸ್ ಬಿರುಕಿಗೆ ಹೆಸರು ಕೊಟ್ಟ ಭೂವಿಜ್ಞಾನಿ ಆಂಡ್ರ್ಯೂ ಲಾಸನ್ ಮುಂದಾಳುಗಳಲ್ಲಿ ಒಬ್ಬರು. 1920ರ ಜೂನ್‌ನಲ್ಲಿ ರೀಜೆಂಟರು ಹೊಸ ನಿಯಮಗಳನ್ನು ಒಪ್ಪಿದರು. ಸೆನೆಟ್ ತನ್ನ ಸಮಿತಿಗಳನ್ನು ತಾನೇ ಆರಿಸಿಕೊಳ್ಳಬಹುದು. ಪ್ರವೇಶ, ಪಠ್ಯ, ಪದವಿಗಳ ಷರತ್ತುಗಳನ್ನು ಅದು ಗೊತ್ತುಪಡಿಸಬಹುದು. ನೇಮಕ ಮತ್ತು ಬಡ್ತಿಗಳಲ್ಲಿ ಅಧ್ಯಕ್ಷರು ಅದರ ಅಭಿಪ್ರಾಯ ಕೇಳಬೇಕು. ಬಜೆಟ್ ಕುರಿತು ಅದು ಸಲಹೆ ಕೊಡಬಹುದು. ಇದನ್ನು ಬರ್ಕ್ಲಿಯ ಕ್ರಾಂತಿ ಎಂದು ಕರೆಯುತ್ತಾರೆ. ರಕ್ತ ಹರಿಯಲಿಲ್ಲ, ಕಲ್ಲು ತೂರಲಿಲ್ಲ. ಕೆಲವು ಪುಟಗಳ ನಿಯಮಾವಳಿ ಬದಲಾಯಿತು ಅಷ್ಟೆ. ಆ ನಿಯಮಾವಳಿ ಅಲ್ಲಿಯ ವಿಶ್ವವಿದ್ಯಾಲಯದ ಮುಂದಿನ ನೂರು ವರ್ಷಗಳನ್ನು ರೂಪಿಸಿತು.

ಸಮಿತಿಗಳ ಬೇಸರದ ಕೆಲಸ

ಸೆನೆಟ್‌ನ ನಿಜವಾದ ಬಲ ಇರುವುದು ಅದರ ದೊಡ್ಡ ಸಭೆಯಲ್ಲಲ್ಲ, ಸಮಿತಿಗಳಲ್ಲಿ. ಕ್ಯಾಂಪಸ್‌ನ ಸದಸ್ಯರು ಮತ ಹಾಕಿ ಮೊದಲು ಒಂದು ಸಮಿತಿಯನ್ನು ಆರಿಸುತ್ತಾರೆ. ಆ ಸಮಿತಿಯ ಕೆಲಸ ಬೇರೆ ಸಮಿತಿಗಳಿಗೆ ಜನರನ್ನು ಹುಡುಕುವುದು. 1920ರ ಮೊದಲು ಅಧ್ಯಕ್ಷರ ಕೈಯಲ್ಲಿದ್ದ ಬೀಗದ ಕೈ ಇದು. ಹೊಸ ಪಠ್ಯ ಬೇಕೆಂದರೆ ಒಂದು ಸಮಿತಿ, ಹೊಸ ಸ್ನಾತಕೋತ್ತರ ಪದವಿಗೆ ಇನ್ನೊಂದು, ಪ್ರವೇಶದ ಅರ್ಹತೆಗೆ ಮತ್ತೊಂದು.

ಎಲ್ಲಕ್ಕಿಂತ ಭಾರದ್ದು ನೇಮಕ ಮತ್ತು ಬಡ್ತಿಯ ಸಮಿತಿ. ಸಹಾಯಕ ಪ್ರೊಫೆಸರ್ ಒಬ್ಬರನ್ನು ಕಾಯಂ ಮಾಡಬೇಕೇ ಎನ್ನುವ ಪ್ರಶ್ನೆ ಬಂತೆನ್ನಿ. ಅದನ್ನು ಅಲ್ಲಿ ಟೆನ್ಯೂರ್ ಎನ್ನುತ್ತಾರೆ. ಮೊದಲು ಅವರ ಕೆಲಸವನ್ನು ಬಲ್ಲ ಹೊರಗಿನ ವಿದ್ವಾಂಸರಿಂದ ಪತ್ರ ತರಿಸಲಾಗುತ್ತದೆ. ವಿಭಾಗದವರು ಓದಿ, ಚರ್ಚಿಸಿ, ಮತ ಹಾಕುತ್ತಾರೆ. ಕಡತ ಡೀನ್ ಬಳಿ ಹೋಗುತ್ತದೆ, ಅಲ್ಲಿಂದ ಸೆನೆಟ್‌ನ ಸಮಿತಿಗೆ. ಅಲ್ಲಿ ಕುಳಿತವರು ಬೇರೆ ಬೇರೆ ಶಾಸ್ತ್ರಗಳವರು. ರಸಾಯನಶಾಸ್ತ್ರಜ್ಞರು ಚರಿತ್ರೆಯ ಪುಸ್ತಕದ ವಿಮರ್ಶೆಗಳನ್ನು ಓದುತ್ತಾರೆ, ಚರಿತ್ರೆಯವರು ಪ್ರಯೋಗಾಲಯದ ಪ್ರಬಂಧಗಳ ಮೇಲಿನ ಪತ್ರಗಳನ್ನು ಓದುತ್ತಾರೆ. ವಿಭಾಗದೊಳಗಿನ ಸ್ನೇಹವೂ ಜಗಳವೂ ಇಲ್ಲಿಗೆ ಬಂದು ಸ್ವಲ್ಪ ಸೋಸಿಹೋಗಲಿ ಎನ್ನುವುದು ಉದ್ದೇಶ. ಕೊನೆಯ ತೀರ್ಮಾನ ಚಾನ್ಸೆಲರ್ ಅಥವಾ ಅವರು ಅಧಿಕಾರ ವಹಿಸಿದವರದು. ಸಮಿತಿಯ ಮಾತು ಕಾನೂನಿನ ಲೆಕ್ಕದಲ್ಲಿ ಸಲಹೆ ಮಾತ್ರ. ಆದರೆ ಹಾಗೆ ಓದಿ ತೂಗಿ ಬರೆದ ಸಲಹೆಯನ್ನು ಮೀರಬೇಕಾದರೆ ಮೀರುವವರ ಬಳಿಯೂ ಅಷ್ಟೇ ಗಟ್ಟಿಯಾದ ಕಾರಣ ಇರಬೇಕಾಗುತ್ತದೆ.

ಇದು ನಿಧಾನದ ದಾರಿ. ಒಂದು ಕಡತ ತಿಂಗಳುಗಟ್ಟಲೆ ಸುತ್ತುತ್ತದೆ. ಒಳ್ಳೆಯ ಅಭ್ಯರ್ಥಿಗೆ ಬೇರೆಡೆಯಿಂದ ಕರೆ ಬಂದು ಅವರು ಹೊರಟುಹೋಗುವುದೂ ಉಂಟು. ಅವಸರದ ಆಡಳಿತಗಾರರು ಇದನ್ನು ಶಪಿಸುತ್ತಾರೆ. ಆದರೆ ಮಂತ್ರಿಯ ಫೋನಿನಿಂದಲೋ, ದಾನಿಯ ಮುನಿಸಿನಿಂದಲೋ ಪ್ರೊಫೆಸರ್ ಹುದ್ದೆ ಕೊಡುವುದು ಕಷ್ಟವಾಗಿರುವುದೂ ಈ ಸುತ್ತಾಟದಿಂದಲೇ. ಒಬ್ಬರ ಕಿವಿ ಕಚ್ಚಿದರೆ ಆಗುವ ಕೆಲಸ ಅಲ್ಲಿ ಹತ್ತಾರು ಜನರ ಕಣ್ಣ ಮುಂದೆ ಹಾದುಹೋಗಬೇಕು.

ಸಹಿ ಹಾಕಿ, ಇಲ್ಲವೇ ಹೊರಡಿ

1949ರ ಹೊತ್ತಿಗೆ ಈ ವ್ಯವಸ್ಥೆಗೆ 30 ವರ್ಷ ತುಂಬುತ್ತ ಬಂದಿತ್ತು. ಶೀತಲ ಸಮರ ಶುರುವಾಗಿತ್ತು. ವಾಷಿಂಗ್ಟನ್ ರಾಜ್ಯದ ವಿಶ್ವವಿದ್ಯಾಲಯ ಆ ವರ್ಷದ ಆರಂಭದಲ್ಲಿ ಮೂವರು ಪ್ರೊಫೆಸರುಗಳನ್ನು ತೆಗೆದಿತ್ತು. ಕ್ಯಾಲಿಫೋರ್ನಿಯಾದ ಶಾಸನಸಭೆಯಲ್ಲಿ ಜ್ಯಾಕ್ ಟೆನ್ನಿ ಎಂಬ ಸದಸ್ಯ ನಿಷ್ಠೆ ಪರೀಕ್ಷಿಸುವ ಮಸೂದೆಗಳ ಸರಮಾಲೆಯನ್ನೇ ತಂದಿದ್ದರು. ವಿಶ್ವವಿದ್ಯಾಲಯದ ನೌಕರರ ನಿಷ್ಠೆಯ ವಿಚಾರವನ್ನು ಶಾಸನಸಭೆಯ ಕೈಗೆ ಕೊಡಬೇಕು ಎನ್ನುವುದು ಅದರಲ್ಲೊಂದು. ಹೊರಗಿನವರು ಕೈ ಹಾಕುವ ಮೊದಲು ಮನೆಯವರೇ ಏನಾದರೂ ಮಾಡಿಬಿಟ್ಟರೆ ಗಂಡಾಂತರ ತಪ್ಪೀತು ಎಂದು ಅಧ್ಯಕ್ಷ ರಾಬರ್ಟ್ ಗೋರ್ಡನ್ ಸ್ಪ್ರೌಲ್ ಲೆಕ್ಕ ಹಾಕಿದರು. ಮಾರ್ಚ್ 25ರಂದು ಅವರೇ ಮುಂದಿಟ್ಟ ಪ್ರಸ್ತಾಪವನ್ನು ರೀಜೆಂಟರು ಒಪ್ಪಿದರು. ಸಂವಿಧಾನಕ್ಕೆ ನಿಷ್ಠೆ ಎಂಬ ಎಂದಿನ ಪ್ರಮಾಣದ ಜೊತೆಗೆ, ಕಮ್ಯುನಿಸ್ಟ್ ನಂಟಿಲ್ಲ ಎಂದು ವಾರ್ಷಿಕ ನೇಮಕದ ಪತ್ರದೊಂದಿಗೆ ಬರೆದುಕೊಡಬೇಕು. ಸೆನೆಟ್ ಅನ್ನು ಯಾರೂ ಕೇಳಲಿಲ್ಲ. ಅಧ್ಯಾಪಕರಿಗೆ ವಿಷಯ ಸರಿಯಾಗಿ ತಿಳಿದದ್ದು ಜೂನ್‌ನಲ್ಲಿ.

ಜೂನ್ 14ರಂದು ಬರ್ಕ್ಲಿಯಲ್ಲಿ ಸೆನೆಟ್ ಸೇರಿತು. ಅಂದು ಮಾತಾಡಿದವರಲ್ಲಿ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟೋಲ್ಮನ್ ಒಬ್ಬರು. ಇಲಿಗಳು ದಾರಿಯನ್ನು ಬರೀ ಅಭ್ಯಾಸಬಲದಿಂದ ಕಲಿಯುವುದಿಲ್ಲ, ತಲೆಯಲ್ಲೊಂದು ನಕ್ಷೆ ಕಟ್ಟಿಕೊಳ್ಳುತ್ತವೆ ಎಂದು ತೋರಿಸಿ ಹೆಸರಾದವರು ಅವರು. ಇನ್ನೊಬ್ಬರು ಮಧ್ಯಯುಗದ ಚರಿತ್ರೆಕಾರ ಅರ್ನ್ಸ್ಟ್ ಕಾಂಟೊರೊವಿಚ್. ಅವರನ್ನು ಯಾರೂ ಕಮ್ಯುನಿಸ್ಟ್ ಎಂದು ಅನುಮಾನಿಸುವಂತಿರಲಿಲ್ಲ. ಮೊದಲ ಮಹಾಯುದ್ಧದ ಬಳಿಕ ಜರ್ಮನಿಯಲ್ಲಿ ಕೋವಿ ಹಿಡಿದು ಕಮ್ಯುನಿಸ್ಟರ ವಿರುದ್ಧವೇ ಹೋರಾಡಿದ್ದ ಮನುಷ್ಯ ಅವರು. ಯೆಹೂದಿಯಾಗಿದ್ದ ಅವರು 1934ರಲ್ಲಿ ಹಿಟ್ಲರನ ಹೆಸರಿನಲ್ಲಿ ಪ್ರಮಾಣ ಮಾಡಲು ಒಪ್ಪದೆ ಫ್ರಾಂಕ್‌ಫರ್ಟ್‌ನ ಪ್ರೊಫೆಸರ್ ಕುರ್ಚಿಯಿಂದ ಇಳಿದಿದ್ದರು. ಎರಡನೆಯ ದೇಶದಲ್ಲಿ ಎರಡನೆಯ ಪ್ರಮಾಣ ಈಗ ಅವರ ಮುಂದೆ ಬಂದಿತ್ತು. ನಿರುಪದ್ರವಿಯಾಗಿ ಕಾಣುವ ಪ್ರಮಾಣಗಳು ಹೇಗೆ ಒಂದರ ಹಿಂದೊಂದು ಬೆಳೆಯುತ್ತವೆ ಎನ್ನುವುದನ್ನು ಅವರು ಚರಿತ್ರೆಯ ಉದಾಹರಣೆಗಳಿಂದ ವಿವರಿಸಿದರು.

ಮರುವರ್ಷ ಅವರು ಒಂದು ಕಿರುಹೊತ್ತಗೆಯಲ್ಲಿ ಈ ವಾದವನ್ನು ಮುಂದುವರಿಸಿದರು. ನಿಲುವಂಗಿ ತೊಡುವ ಹಕ್ಕಿರುವುದು ಮೂರು ವೃತ್ತಿಗಳಿಗೆ: ನ್ಯಾಯಾಧೀಶರು, ಪುರೋಹಿತರು, ವಿದ್ವಾಂಸರು. ಸ್ವತಂತ್ರವಾಗಿ ತೀರ್ಮಾನಿಸುವವರು, ತಮ್ಮ ಆತ್ಮಸಾಕ್ಷಿಗೆ ನೇರವಾಗಿ ಹೊಣೆಯಾಗಿರುವವರು ಎನ್ನುವುದರ ಗುರುತು ಆ ನಿಲುವಂಗಿ. ನ್ಯಾಯಾಲಯಕ್ಕೆ ನ್ಯಾಯಾಧೀಶರು ನೌಕರರಲ್ಲ, ಅವರೇ ನ್ಯಾಯಾಲಯ. ಹಾಗೆಯೇ ಪ್ರೊಫೆಸರುಗಳು ವಿಶ್ವವಿದ್ಯಾಲಯದ ನೌಕರರಲ್ಲ. ಅವರೂ ವಿದ್ಯಾರ್ಥಿಗಳೂ ಸೇರಿಯೇ ವಿಶ್ವವಿದ್ಯಾಲಯ. ಎದುರಿನ ಪಾಳೆಯದ ಮುಂದಾಳು, ವಕೀಲ ಜಾನ್ ಫ್ರಾನ್ಸಿಸ್ ನೇಲನ್. ಅವರ ಕಡೆಯವರ ದೃಷ್ಟಿಯಲ್ಲಿ ವಿಶ್ವವಿದ್ಯಾಲಯ ಜನರ ಆಸ್ತಿ, ರೀಜೆಂಟರು ಜನರ ಪರವಾಗಿ ಅದನ್ನು ನೋಡಿಕೊಳ್ಳುವವರು, ಸಂಬಳ ಪಡೆಯುವವರು ನಿಯಮ ಪಾಲಿಸಬೇಕು. ಪ್ರಮಾಣದ ಜಗಳದ ಅಡಿಯಲ್ಲಿದ್ದ ನಿಜವಾದ ಜಗಳ ಇದು. ಇಂಥ ಜಗಳದಲ್ಲಿ ಎರಡೂ ಕಡೆ ಸ್ವಲ್ಪ ಸತ್ಯವಿದ್ದದ್ದರಿಂದಲೇ ಅದು ಅಷ್ಟು ಕಹಿಯಾಯಿತು.

1950ರ ಫೆಬ್ರವರಿ 24ರಂದು ರೀಜೆಂಟರು ಗಡುವು ಕೊಟ್ಟರು: ಏಪ್ರಿಲ್ 30ರೊಳಗೆ ಸಹಿ, ಇಲ್ಲವಾದರೆ ಕೆಲಸ ಮುಗಿಯಿತು. ಅಧ್ಯಾಪಕರು ಬೆಚ್ಚಿಬಿದ್ದರು. ಆಗ ಸೆನೆಟ್‌ನ ನಾಯಕರು ಒಂದು ರಾಜಿಯ ದಾರಿ ಹುಡುಕಿದರು. ಕಮ್ಯುನಿಸ್ಟರನ್ನು ನೇಮಿಸಬಾರದು ಎಂಬ ನೀತಿ 1940ರಿಂದಲೇ ವಿಶ್ವವಿದ್ಯಾಲಯದಲ್ಲಿತ್ತು. ಆ ನೀತಿಯನ್ನು ಸೆನೆಟ್ ತಾನಾಗಿ ಒಪ್ಪಿಬಿಟ್ಟರೆ ರೀಜೆಂಟರು ಪ್ರಮಾಣವನ್ನು ಕೈಬಿಟ್ಟಾರು ಎಂದು ಅವರ ಆಸೆ. ಮಾರ್ಚ್‌ನಲ್ಲಿ ಅಂಚೆಯ ಮೂಲಕ ಮತದಾನ ನಡೆಯಿತು. ಪ್ರಮಾಣ ಬೇಡ ಎಂದು ಭಾರಿ ಬಹುಮತ ಬಂತು. ಕಮ್ಯುನಿಸ್ಟ್ ಪಕ್ಷದ ಸದಸ್ಯರು ಅಧ್ಯಾಪಕರಾಗಲು ಅರ್ಹರಲ್ಲ ಎಂಬುದಕ್ಕೂ ಭಾರಿ ಬಹುಮತ ಬಂತು. ಮಾರ್ಚ್ 31ರಂದು ಗಡುವನ್ನು ರದ್ದು ಮಾಡುವ ಪ್ರಸ್ತಾಪ ರೀಜೆಂಟರ ಮುಂದೆ ಬಂದಾಗ 10–10 ಸಮ ಮತ ಬಿದ್ದು ಪ್ರಸ್ತಾಪ ಸತ್ತಿತು.

ಸೆನೆಟ್‌ನ ಇತಿಹಾಸದಲ್ಲಿ ಇದು ನೋವಿನ ಪುಟ. ಒಬ್ಬ ಅಧ್ಯಾಪಕನನ್ನು ಅವನ ಪಾಠ, ಸಂಶೋಧನೆ, ನಡತೆ ನೋಡಿ ತೂಗಬೇಕು ಎನ್ನುವುದು 1920ರಿಂದ ಸೆನೆಟ್‌ನ ಸಮಿತಿಗಳು ಪಾಲಿಸಿಕೊಂಡು ಬಂದ ತತ್ವ. ಸದಸ್ಯತ್ವದ ಚೀಟಿಯೊಂದೇ ಸಾಕು ಎಂದು ಅಂಚೆಮತದಲ್ಲಿ ಒಪ್ಪಿದಾಗ ಆ ತತ್ವವನ್ನು ಸೆನೆಟ್ ತಾನೇ ಕೈಯಾರೆ ಬಿಟ್ಟುಕೊಟ್ಟಿತು. ಬದಲಿಗೆ ಅದಕ್ಕೆ ಏನೂ ಸಿಗಲಿಲ್ಲ.

ಹತ್ತು ಒಂಬತ್ತು, ಹನ್ನೆರಡು ಹತ್ತು

ಏಪ್ರಿಲ್ 21ರಂದು ಹಳೆಯ ವಿದ್ಯಾರ್ಥಿಗಳ ಸಂಘದ ಮಧ್ಯಸ್ಥಿಕೆಯಿಂದ ಒಂದು ಒಪ್ಪಂದವಾಯಿತು. ಸಹಿ ಹಾಕದವರು ಸೆನೆಟ್‌ನ ಹಕ್ಕುಬಾಧ್ಯತೆಗಳ ಸಮಿತಿಯ ಮುಂದೆ ವಿಚಾರಣೆ ಕೇಳಬಹುದು. ಅದರ ವರದಿ ನೋಡಿ ರೀಜೆಂಟರು ತೀರ್ಮಾನಿಸುತ್ತಾರೆ. ಇಷ್ಟು ಸಡಿಲಿಸಿದ್ದಕ್ಕೇ ಬ್ಯಾಂಕ್ ಆಫ್ ಅಮೆರಿಕದ ಮುಖ್ಯಸ್ಥರಾಗಿದ್ದ ರೀಜೆಂಟ್ ಮಾರಿಯೊ ಜಿಯಾನಿನಿ ರಾಜೀನಾಮೆ ಕೊಟ್ಟರು.

ಸಮಿತಿ ಒಬ್ಬೊಬ್ಬರನ್ನೇ ಕೂರಿಸಿ ಕೇಳಿತು. ಬಹುಪಾಲು ಜನರನ್ನು ಉಳಿಸಿಕೊಳ್ಳಬೇಕು ಎಂದಿತು. ತಮ್ಮ ನಂಬಿಕೆಗಳ ಬಗ್ಗೆ ಉತ್ತರಿಸುವುದಿಲ್ಲ ಎಂದು ಅಲ್ಲಿಯೂ ಪಟ್ಟು ಹಿಡಿದ ಆರು ಮಂದಿಯ ಪರ ಅದು ನಿಲ್ಲಲಿಲ್ಲ. ಜುಲೈ 21ರಂದು ಉಳಿದ 39 ಮಂದಿಯ ಪರವಾಗಿ ರೀಜೆಂಟರಲ್ಲಿ 10–9 ಮತ ಬಂತು. ಗೆದ್ದೆವು ಎಂದು ಅಧ್ಯಾಪಕರು ಉಸಿರು ಬಿಡುವ ಮೊದಲೇ ನೇಲನ್ ತಮ್ಮ ಮತವನ್ನು ಬದಲಿಸಿದರು. ಗೆದ್ದ ಕಡೆ ಮತ ಹಾಕಿದವರಿಗೆ ಮಾತ್ರ ಮರುಪರಿಶೀಲನೆ ಕೇಳುವ ಹಕ್ಕು ಇರುತ್ತದೆ. ಆ ಹಕ್ಕಿಗಾಗಿ ಅವರು ಈ ಉಪಾಯ ಮಾಡಿದ್ದರು. ಒಂದು ತಿಂಗಳ ಬಳಿಕ ಮತ್ತೆ ಮತ ಬಿದ್ದಾಗ ಫಲಿತಾಂಶ 12–10. ಅಷ್ಟರಲ್ಲಿ ಕೆಲವರು ಸಹಿ ಹಾಕಿದ್ದರು, ಕೆಲವರು ಬಿಟ್ಟುಹೋಗಿದ್ದರು. ಉಳಿದವರು 31.

ಸಹಿ ಹಾಕಿದವರಲ್ಲಿ ಎಲ್ಲರೂ ಹೇಡಿಗಳಾಗಿರಲಿಲ್ಲ. ಪ್ರಮಾಣದಲ್ಲಿ ತಪ್ಪೇ ಕಾಣದವರಿದ್ದರು. ಮನೆಯಲ್ಲಿ ಚಿಕ್ಕ ಮಕ್ಕಳು, ಬ್ಯಾಂಕಿನಲ್ಲಿ ಏನೂ ಇಲ್ಲ ಎನ್ನುವವರಿದ್ದರು. ಆಗ ಅರುವತ್ತು ದಾಟಿದ್ದ ಟೋಲ್ಮನ್ ಕಿರಿಯ ಸಹೋದ್ಯೋಗಿಗಳಿಗೆ ಸಹಿ ಹಾಕುವಂತೆ ತಾವೇ ಹೇಳುತ್ತಿದ್ದರು. ನಷ್ಟ ತಾಳಿಕೊಳ್ಳಬಲ್ಲವರು ಹೋರಾಡಲಿ ಎನ್ನುವುದು ಅವರ ಮಾತು. ಸಹಿ ಹಾಕಿದ ಎಷ್ಟೋ ಜನ ತಮ್ಮ ಸಂಬಳದಲ್ಲಿ ಒಂದು ಪಾಲು ತೆಗೆದು ಕೆಲಸ ಕಳೆದುಕೊಂಡವರ ಮನೆ ನಡೆಸಿದರು. ಇನ್ನು ಸೆನೆಟ್‌ನ ಸದಸ್ಯರೇ ಅಲ್ಲದ ಬೋಧನಾ ಸಹಾಯಕರು, ಕಚೇರಿಯ ಸಿಬ್ಬಂದಿ ಕೂಡ ಸಹಿ ಹಾಕದೆ ಹೊರಬಿದ್ದರು. 31ರ ಲೆಕ್ಕದಲ್ಲಿ ಅವರಿಲ್ಲ.

ಗೆಲುವಿನಂಥ ಗೆಲುವು

ಟೋಲ್ಮನ್ ಮತ್ತು ಸಂಗಡಿಗರು ನ್ಯಾಯಾಲಯಕ್ಕೆ ಹೋದರು. 1951ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ವಾರನ್ ನೇಮಿಸಿದ ಹೊಸಬರಿಂದ ಬಲಾಬಲ ಬದಲಾಗಿ, ಆ ವರ್ಷದ ಕೊನೆಯ ತಿಂಗಳುಗಳಲ್ಲಿ ರೀಜೆಂಟರೇ ಪ್ರಮಾಣವನ್ನು ಕೈಬಿಟ್ಟರು. 1952ರ ಅಕ್ಟೋಬರ್ 17ರಂದು ರಾಜ್ಯದ ಸುಪ್ರೀಂ ಕೋರ್ಟ್ ಕೊನೆಯ ಮಾತು ಹೇಳಿತು: ಅವರನ್ನು ವಾಪಸು ತೆಗೆದುಕೊಳ್ಳಬೇಕು.

ಆದರೆ ಆ ತೀರ್ಪಿನ ಕಾರಣ ಯಾರಿಗೂ ಹೊಟ್ಟೆ ತುಂಬಿಸುವಂಥದ್ದಲ್ಲ. ವಿದ್ವಾಂಸರ ಸ್ವಾತಂತ್ರ್ಯದ ಬಗ್ಗೆಯಾಗಲಿ, ಸೆನೆಟ್‌ನ ಶಿಫಾರಸಿನ ತೂಕದ ಬಗ್ಗೆಯಾಗಲಿ ನ್ಯಾಯಾಲಯ ತೀರ್ಮಾನಿಸಲಿಲ್ಲ. 1950ರ ಶರತ್ಕಾಲದಲ್ಲಿ ಶಾಸನಸಭೆ ಎಲ್ಲ ಸಾರ್ವಜನಿಕ ನೌಕರರಿಗೂ ಲೆವರಿಂಗ್ ಕಾಯ್ದೆಯ ಮೂಲಕ ಬೇರೊಂದು ನಿಷ್ಠಾ ಪ್ರಮಾಣ ತಂದಿತ್ತು. ರಾಜ್ಯವೇ ಆ ವಿಷಯದಲ್ಲಿ ಕಾನೂನು ಮಾಡಿರುವಾಗ ರೀಜೆಂಟರು ತಮ್ಮದೇ ಇನ್ನೊಂದು ಪ್ರಮಾಣ ಕೇಳುವಂತಿಲ್ಲ ಎನ್ನುವುದು ತೀರ್ಪಿನ ತಿರುಳು. ವಾಪಸು ಬರುವವರು ರಾಜ್ಯದ ಪ್ರಮಾಣಕ್ಕೆ ಸಹಿ ಹಾಕಬೇಕಾಗಿತ್ತು. ಕಾಂಟೊರೊವಿಚ್ ಮರಳಲಿಲ್ಲ, ಅಷ್ಟರಲ್ಲಿ ಪ್ರಿನ್ಸ್‌ಟನ್‌ನ ಉನ್ನತ ಅಧ್ಯಯನ ಸಂಸ್ಥೆ ಅವರನ್ನು ಕರೆದುಕೊಂಡಿತ್ತು.

ನ್ಯಾಯಾಲಯ ಕೊಡದಿದ್ದನ್ನು ಕಾಲ ಬೇರೆ ರೀತಿ ಕೊಟ್ಟಿತು. ಹಕ್ಕುಬಾಧ್ಯತೆಗಳ ಸಮಿತಿಯಲ್ಲಿ ಕೂತು, ರೀಜೆಂಟರ ಎದುರೇ ಸಹಿ ಹಾಕದವರ ಪರ ಮಾತಾಡಿದ ಕಾರ್ಮಿಕ ಅರ್ಥಶಾಸ್ತ್ರಜ್ಞ ಕ್ಲಾರ್ಕ್ ಕೆರ್ ಸಹೋದ್ಯೋಗಿಗಳ ವಿಶ್ವಾಸ ಗಳಿಸಿದ್ದರು. 1952ರಲ್ಲಿ ಅವರು ಬರ್ಕ್ಲಿಯ ಮೊದಲ ಚಾನ್ಸೆಲರ್ ಆದರು, 1958ರಲ್ಲಿ ಇಡೀ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. ಅದುವರೆಗೆ ರೂಢಿಯಲ್ಲಿ ಮಾತ್ರ ಇದ್ದ ಟೆನ್ಯೂರ್‌ಗೆ ಅವರ ಕಾಲದಲ್ಲಿ ರೀಜೆಂಟರ ಅಧಿಕೃತ ಒಪ್ಪಿಗೆ ಸಿಕ್ಕಿತು. ಬರ್ಕ್ಲಿಯ ಒಂದು ಕಟ್ಟಡಕ್ಕೆ ಟೋಲ್ಮನ್ ಹೆಸರಿಟ್ಟರು. ಲಾಸ್ ಏಂಜಲಿಸ್ ಕ್ಯಾಂಪಸ್‌ನಲ್ಲಿ ಸಹಿ ಹಾಕದೆ ಕೆಲಸ ಕಳೆದುಕೊಂಡ ಯುವ ಭೌತವಿಜ್ಞಾನಿ ಡೇವಿಡ್ ಸ್ಯಾಕ್ಸನ್ 1975ರಲ್ಲಿ ಅಧ್ಯಕ್ಷರ ಕುರ್ಚಿಯಲ್ಲೇ ಕುಳಿತರು. ಯಾವ ಮಂಡಳಿ ಅವರನ್ನು ವಜಾ ಮಾಡಿತ್ತೋ ಅದೇ ಮಂಡಳಿ ಅವರನ್ನು ನೇಮಿಸಿತು.

ಸೆನೆಟ್ ಕೂಡ ಪಾಠ ಕಲಿತಿತ್ತು. 1964ರ ಡಿಸೆಂಬರ್ 8ರಂದು, ಕ್ಯಾಂಪಸ್‌ನಲ್ಲಿ ರಾಜಕೀಯ ಮಾತಿಗಾಗಿ ವಿದ್ಯಾರ್ಥಿಗಳ ಚಳವಳಿ ಉತ್ತುಂಗದಲ್ಲಿದ್ದಾಗ, ಬರ್ಕ್ಲಿಯ ಸೆನೆಟ್ 824–115 ಮತಗಳಿಂದ ವಿದ್ಯಾರ್ಥಿಗಳ ಮುಖ್ಯ ಬೇಡಿಕೆಯ ಪರ ನಿಂತಿತು. ಮಾತಿನ ವಸ್ತುವನ್ನು ವಿಶ್ವವಿದ್ಯಾಲಯ ನಿರ್ಬಂಧಿಸಬಾರದು ಎಂದಿತು. ಈ ಸಲ ಅದು ತತ್ವವನ್ನು ಅಡವಿಟ್ಟು ರಾಜಿ ಕೇಳಲಿಲ್ಲ. ಆಗ ಆಡಳಿತದ ಕಡೆ ಇದ್ದವರು ಅದೇ ಕ್ಲಾರ್ಕ್ ಕೆರ್ ಎನ್ನುವುದು ಚರಿತ್ರೆಯ ವಿಡಂಬನೆ.

ಎರವಲು ಅಧಿಕಾರ

ರೀಜೆಂಟರು ಮತ ಹಾಕಿ ಸೆನೆಟ್ ಅನ್ನು ಮೀರುವುದು 1950ಕ್ಕೇ ಮುಗಿಯಲಿಲ್ಲ. 1995ರ ಜುಲೈ 20ರಂದು ಅವರು ಪ್ರವೇಶದಲ್ಲಿ ಜನಾಂಗ ಮತ್ತು ಲಿಂಗವನ್ನು ಪರಿಗಣಿಸಬಾರದು ಎಂದು 14–10 ಮತಗಳಿಂದ ತೀರ್ಮಾನಿಸಿದರು. ಅಧ್ಯಕ್ಷರು, ಚಾನ್ಸೆಲರುಗಳು, ಸೆನೆಟ್‌ನ ಮುಖಂಡರು ಬೇಡ ಎಂದರೂ ಕೇಳಲಿಲ್ಲ. ಪ್ರವೇಶದ ಷರತ್ತು ಸೆನೆಟ್‌ನ ಪಾಲಿನ ಕೆಲಸ ಎಂದು ಅವರದೇ ನಿಯಮ ಹೇಳುತ್ತಿತ್ತು. 2001ರ ಮೇನಲ್ಲಿ ರೀಜೆಂಟರು ಆ ನಿರ್ಣಯವನ್ನು ಹಿಂತೆಗೆದುಕೊಂಡರು. ಆದರೆ 1996ರಲ್ಲಿ ರಾಜ್ಯದ ಮತದಾರರು ಅದೇ ನಿಷೇಧವನ್ನು ಸಂವಿಧಾನಕ್ಕೇ ಸೇರಿಸಿಬಿಟ್ಟಿದ್ದರು.

2020ರಲ್ಲಿ ಪ್ರಶ್ನೆ ಇನ್ನೊಂದು ಬಗೆಯಲ್ಲಿ ಬಂತು. ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆ ಬಡವರಿಗೆ, ಕರಿಯರಿಗೆ, ಲ್ಯಾಟಿನೊ ಮಕ್ಕಳಿಗೆ ಅನ್ಯಾಯ ಮಾಡುತ್ತದೆಯೇ ಎಂದು ನೋಡಲು ಸೆನೆಟ್ ಒಂದು ಕಾರ್ಯಪಡೆ ನೇಮಿಸಿತ್ತು. ವಿದ್ಯಾರ್ಥಿ ಮುಂದೆ ಹೇಗೆ ಓದುತ್ತಾನೆ ಎನ್ನುವುದನ್ನು ಆ ಅಂಕಗಳು ಚೆನ್ನಾಗಿ ಸೂಚಿಸುತ್ತವೆ, ಸದ್ಯಕ್ಕೆ ಬಿಡುವುದು ಬೇಡ ಎಂಬ ಅಭಿಪ್ರಾಯಕ್ಕೆ ಅದು ಬಂತು. ಏಪ್ರಿಲ್‌ನಲ್ಲಿ ಸೆನೆಟ್‌ನ ಪ್ರತಿನಿಧಿಸಭೆ 51–0 ಮತಗಳಿಂದ ಅದನ್ನು ಒಪ್ಪಿತು. ಮೇ 21ರಂದು ರೀಜೆಂಟರು 23–0 ಮತಗಳಿಂದ ಆ ಪರೀಕ್ಷೆಯನ್ನು ಹಂತ ಹಂತವಾಗಿ ಕೈಬಿಡಲು ತೀರ್ಮಾನಿಸಿದರು. ಹಣ ಮತ್ತು ಅವಕಾಶ ಇದ್ದವರ ಕಡೆಗೇ ಈ ಪರೀಕ್ಷೆ ವಾಲುತ್ತದೆ ಎನ್ನುವುದು ಅವರ ವಾದ. ಯಾರ ವಾದ ಸರಿ ಎನ್ನುವುದು ಬೇರೆ ಚರ್ಚೆ. ಒಂದು ಕಡೆ ಒಮ್ಮತ, ಇನ್ನೊಂದು ಕಡೆಯೂ ಒಮ್ಮತ ಇದ್ದಾಗ ನಡೆದದ್ದು ಸಂವಿಧಾನದ ಬಲ ಇದ್ದವರ ಮಾತು. ರೀಜೆಂಟರ ಸಭೆಯಲ್ಲಿ ಸೆನೆಟ್‌ನ ಇಬ್ಬರು ಮುಖಂಡರು ಕೂರುತ್ತಾರೆ, ಮಾತಾಡುತ್ತಾರೆ. ಅವರಿಗೆ ಮತವಿಲ್ಲ.

ಇನ್ನೊಂದು ಮಿತಿ ಒಳಗಿನದು. ಸೆನೆಟ್ ಎಲ್ಲ ಅಧ್ಯಾಪಕರ ಸಭೆ ಎಂದು 1868ರ ಕಾಯ್ದೆ ಹೇಳಿತ್ತು. ಇಂದು ತರಗತಿಯಲ್ಲಿ ನಿಂತು ಪಾಠ ಹೇಳುವ ಗುತ್ತಿಗೆಯ ಲೆಕ್ಚರರ್‌ಗಳಲ್ಲಿ ಹೆಚ್ಚಿನವರಿಗೆ ಅದರಲ್ಲಿ ಸದಸ್ಯತ್ವವಿಲ್ಲ. ಬೋಧನಾ ಸಹಾಯಕರಾಗಿ ದುಡಿಯುವ ಸಂಶೋಧನಾ ವಿದ್ಯಾರ್ಥಿಗಳಿಗೂ ಇಲ್ಲ. ಅವರಲ್ಲಿ ಭಾರತದಿಂದ ಹೋದವರು ಕಡಿಮೆಯೇನಿಲ್ಲ. ಸಹ-ಆಡಳಿತದ ಬಾಗಿಲು ಮುಚ್ಚಿದ್ದರಿಂದ ಇವರು ಕಾರ್ಮಿಕ ಸಂಘದ ಬಾಗಿಲು ತಟ್ಟಿದರು. 2021ರ ನವೆಂಬರ್‌ನಲ್ಲಿ ಲೆಕ್ಚರರ್‌ಗಳ ಮುಷ್ಕರ ಶುರುವಾಗಲು ಗಂಟೆಗಳಿರುವಾಗ ಒಪ್ಪಂದವಾಯಿತು. ಮರುವರ್ಷ ಹತ್ತು ಕ್ಯಾಂಪಸ್‌ಗಳಲ್ಲಿ ಸುಮಾರು 48,000 ಬೋಧನಾ ಸಹಾಯಕರು, ಸಂಶೋಧಕರು ವಾರಗಟ್ಟಲೆ ಮುಷ್ಕರ ಹೂಡಿದರು. 1950ರಲ್ಲಿ 31ರ ಲೆಕ್ಕದ ಹೊರಗೆ ಉಳಿದವರ ಸಾಲು ಈಗ ಇಷ್ಟು ಉದ್ದವಾಗಿತ್ತು.

ನೂರೈವತ್ತು ವರ್ಷಗಳ ಈ ಕಥೆಯಲ್ಲಿ ಸೆನೆಟ್‌ನ ಅಧಿಕಾರ ಯಾವತ್ತೂ ಸ್ವಂತದ್ದಾಗಿರಲಿಲ್ಲ. ಅದು ಎರವಲು. ಬರೆದುಕೊಟ್ಟವರೇ ಅದನ್ನು ತಿದ್ದಬಹುದು. ಹೀಗಿದ್ದೂ ಅದು ಉಳಿದುಬಂದದ್ದಕ್ಕೆ ಕಾರಣ, ದಿನದಿನದ ಕೆಲಸ. ಪಠ್ಯವನ್ನು ಓದಿ ನೋಡುವ, ಕಡತಗಳನ್ನು ತೂಗುವ, ಒಪ್ಪದಿದ್ದರೆ ಕಾರಣ ಬರೆದಿಡುವ ಕೆಲಸವನ್ನು ಅಧ್ಯಾಪಕರು ಬಿಡದೆ ಮಾಡಿಕೊಂಡು ಬಂದದ್ದರಿಂದ ಅವರಿಲ್ಲದೆ ವಿಶ್ವವಿದ್ಯಾಲಯ ನಡೆಸುವುದು ಯಾರಿಗೂ ಸುಲಭವಾಗಲಿಲ್ಲ. ರೀಜೆಂಟರು ಅದನ್ನು ಮೀರಿದ್ದು ಕೆಲವೇ ಸಲ. ಪ್ರತಿ ಸಲವೂ ಅದು ದೊಡ್ಡ ಸುದ್ದಿಯಾಯಿತು. ಕೋರಂ ಸಿಗದೆ ಸಭೆ ಮುಂದಕ್ಕೆ ಹೋಗುವ, ಸಹಿ ಮಾತ್ರ ಹಾಕಿ ಕಡತ ದಾಟಿಸುವ ಕಡೆ ಇಂಥ ಅಧಿಕಾರವನ್ನು ಕಿತ್ತುಕೊಳ್ಳಲು ಯಾವ ಮತದಾನವೂ ಬೇಕಾಗುವುದಿಲ್ಲ. 1920ರಲ್ಲಿ ಲಾಸನ್ ಮತ್ತು ಸಂಗಡಿಗರು ಕೇಳಿ ಪಡೆದದ್ದರಲ್ಲಿ ಮುಖ್ಯವಾದದ್ದು ತಮ್ಮ ಸಮಿತಿಗಳಲ್ಲಿ ಯಾರು ಕೂರಬೇಕು ಎಂದು ತಾವೇ ತೀರ್ಮಾನಿಸುವ ಹಕ್ಕು. ಆ ಕುರ್ಚಿಗಳಿಗೆ ಪ್ರತಿ ವರ್ಷವೂ ಜನ ಬೇಕು, ಕೂತು ಓದಲು ಸಿದ್ಧರಿರುವ ಜನ.